ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಕೊಡಗು ಇನ್ನೂ ತನ್ನ ಪಾಡಿಗೆ ತಾನೊಂದು ರಾಜ್ಯವಾಗಿದ್ದ ಕೆಲವೇ ವರ್ಷಗಳ ಮಾತು. ಸಿದ್ದಾಪುರದಿಂದ ವಿರಾಜಪೇಟೆಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು ಮಣ್ಣುರಸ್ತೆ ಹಿಡಿದರೆ ಕಾರೆಕಾಡು ಕಾಫಿ ಎಸ್ಟೇಟು ಸಿಗುತ್ತಿತ್ತು. ಅಲ್ಲಿನ ಕೂಲಿ ಲೈನಿನ, ಅಂದರೆ ಆಳುಗಳ ಸಾಲುಮನೆಯ, ಕೊನೆಯ ಕೋಣೆಯಲ್ಲಿ ಪಾಪ ಎಂಬ ಹೆಂಗಸಿದ್ದಳು. ಅವಳ ತಾಯಿಗೆ ಹುಟ್ಟಿದ ಮಕ್ಕಳು ಒಂದೊಂದಾಗಿ ಮಣ್ಣು ಸೇರುತ್ತಿದ್ದವು. ಇದಕ್ಕೂ ಒಳ್ಳೆಯ ಹೆಸರಿಟ್ಟರೆ ಯಾರ ಕಣ್ಣಾದರೂ ಬಿದ್ದೀತೆಂದು ಹೆದರಿ, ಕರೆಯುವಾಗಲೇ ಕನಿಕರ ಹುಟ್ಟುವಂಥ ಹೆಸರನ್ನು ಆಕೆ ಇಟ್ಟಳು. ಮಗು ಉಳಿಯಿತು, ಹೆಸರೂ ಉಳಿಯಿತು. ಪುಟ್ಟಸ್ವಾಮಿಯನ್ನು ಮದುವೆಯಾಗಿ ಅವನ ಜೊತೆ ಕ್ರೈಸ್ತ ಸಭೆಗೆ ಸೇರಿದಾಗ ಪಾದ್ರಿಗಳು ತಲೆಯ ಮೇಲೆ ನೀರು ಹಾಕಿ ಕೃಪಾವತಿ ಎಂದು ಕರೆದರು. ಆ ಹೆಸರು ಚರ್ಚಿನ ಬಾಗಿಲು ದಾಟಿ ಒಮ್ಮೆಯೂ ಹೊರಗೆ ಬರಲಿಲ್ಲ.

ಚರ್ಚು ಚಿಕ್ಕದು. ಹಿಂದೆ ಜರ್ಮನ್ ಪಾದ್ರಿಗಳು ತೋಟದ ಕೆಲಸದವರಿಗೆಂದು ಕಟ್ಟಿಸಿದ್ದು. ಲೂಥರನ ಕ್ರಮದ ಆರಾಧನೆ, ಮಂಗಳೂರು ಹೆಂಚಿನ ಮಾಡು, ಮುಂದೆ ರೈಟರು ಮೇಸ್ತ್ರಿಗಳ ಮನೆಯವರಿಗೆ ಬೆಂಚು, ಹಿಂದೆ ಲೈನಿನವರಿಗೆ ಚಾಪೆ. ಪಾದ್ರಿ ಎಲಿಷ ಕುಂದರ್ ಅಯ್ಯನವರು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಸಭೆ ನಡೆಸುತ್ತಿದ್ದವರು ಎಸ್ಟೇಟಿನ ಹಾಜರಿ, ಲೆಕ್ಕ ಬರೆಯುವ ರೈಟರೂ ಸಭೆಯ ಹಿರಿಯರೂ ಆದ ತಿಮೊಥಿ.

ಪಾಪನಿಗೆ ಆ ಆರಾಧನೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಕಾಣಿಕೆಯ ಹೊತ್ತು. ಲೈನಿನ ಹೆಂಗಸರು ಅಡಿಗೆಗೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕಿಡುತ್ತಿದ್ದರು. ಭಾನುವಾರ ಆ ಹಿಡಿಯಕ್ಕಿಯನ್ನೆಲ್ಲ ಒಂದೇ ಬುಟ್ಟಿಗೆ ಸುರಿದು ದೇವರ ಮುಂದಿಡುವರು. ಅಯ್ಯನವರು ಒಮ್ಮೆ ಪ್ರಸಂಗದಲ್ಲಿ ಹೇಳಿದ್ದರು: "ಕಾಣಿಕೆ ದೇವರಿಗೆ ಕೊಡುವ ಲಂಚವಲ್ಲ. ಅವನು ಮೊದಲೇ ಕೊಟ್ಟಾಗಿದೆ. ಯಾರಾದರೂ ಪ್ರೀತಿಯಿಂದ ಕರೆದಾಗ ಓ ಅನ್ನುತ್ತೇವಲ್ಲ, ಕಾಣಿಕೆ ಅಂದರೆ ಅಷ್ಟೇ." ಈ ಮಾತು ಪಾಪನ ಎದೆಗೆ ನಾಟಿತ್ತು. ಹುಟ್ಟಿದಂದಿನಿಂದ ಅವಳು ಬೇರೆಯವರು ಅಳೆದು ಹಾಕಿದ್ದನ್ನು ಸೆರಗೊಡ್ಡಿ ಇಸಿದುಕೊಂಡವಳು. ಕೈ ಕೆಳಗೆ ಮಾಡಿ ಕೊಡುವ ಸುಖ ಅವಳಿಗೆ ಸಿಕ್ಕಿದ್ದು ಆ ಬುಟ್ಟಿಯ ಮುಂದೆ ಮಾತ್ರ.

ಕಾಣಿಕೆಯಾದ ಮೇಲೆ ಪ್ರಾರ್ಥನೆ. ರೈಟರು ಪುಸ್ತಕದ ಪ್ರಾರ್ಥನೆ ಓದಿ ಮುಗಿಸಿದ ಮೇಲೆ ಸಭೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ತಮ್ಮ ಮಾತಿನಲ್ಲಿ ಬೇಡಬಹುದಿತ್ತು. ಉಳಿದವರು ತಲೆ ತಗ್ಗಿಸಿ ಕಣ್ಣು ಮುಚ್ಚಬೇಕು. ಬೇಡುವವರು ಆಮೆನ್ ಅನ್ನುವ ತನಕ ನಡುವೆ ಯಾರೂ ಬಾಯಿ ಹಾಕಕೂಡದು. ಜರ್ಮನ್ ಪಾದ್ರಿಗಳ ಕಾಲದಿಂದ ಬಂದ ಕಟ್ಟಳೆ ಅದು.

ಪುಟ್ಟಸ್ವಾಮಿ ನೆರಳುಮರದ ಕೊಂಬೆ ಕಡಿಯಲು ಹತ್ತಿದವನು ಕೆಳಗೆ ಬಿದ್ದು ಸತ್ತ. ಮಕ್ಕಳಿರಲಿಲ್ಲ. ಒಂದು ವರ್ಷ ಪಾಪ ಒಬ್ಬಳೇ ಇದ್ದಳು. ಆಮೇಲೆ ಮಾಕುಟ್ಟದ ಕಾಡಿನಿಂದ ಮರ ಸಾಗಿಸುವ ಲಾರಿಯ ಡ್ರೈವರನೊಬ್ಬ ಲೈನಿಗೆ ಬಂದು ಹೋಗತೊಡಗಿದ. ಒಂದು ಬೇಸಿಗೆ ಅವಳ ಕೋಣೆಯಲ್ಲೇ ಉಳಿದ. ಮಳೆ ಹಿಡಿದು ಘಟ್ಟದ ದಾರಿ ಕೆಟ್ಟ ಮೇಲೆ ಕಣ್ಣೂರಿನ ಕಡೆ ಇಳಿದವನು ಮತ್ತೆ ಹತ್ತಿ ಬರಲಿಲ್ಲ. ಅವನಿಗೆ ಅಲ್ಲಿ ಹೆಂಡತಿ ಮಕ್ಕಳಿದ್ದಾರೆಂದು ಆಮೇಲೆ ತಿಳಿಯಿತು.

ಸಭೆ ಅವಳನ್ನು ಮುಂದೆ ನಿಲ್ಲಿಸಿತು. ಪಾಪ ಎಲ್ಲರ ಎದುರು ತಪ್ಪೊಪ್ಪಿಕೊಂಡಳು. ಅಯ್ಯನವರು ಅವಳ ತಲೆಯ ಮೇಲೆ ಕೈಯಿಟ್ಟು ಕ್ಷಮೆಯಾಯಿತು ಎಂದರು. ಆದರೆ ಆರಾಧನೆ ಮುಗಿದ ಮೇಲೆ ತಿಮೊಥಿ ರೈಟರು ಬೇರೆಯೇ ಮಾತೆತ್ತಿದರು.

"ಅಯ್ಯನವರೇ, ಇಷ್ಟು ಸಸಾರ ಆದ್ರೆ ನಾಳೆ ಲೈನಿಗೆ ಲೈನೇ ಕೆಟ್ಟೋಗ್ತದೆ. ಮುಂದಿನ ಬೆಳೆಹಬ್ಬದ ತನಕ ಅವಳಿಗೆ ಕರ್ತನ ಭೋಜನ ಬೇಡ. ಕಾಣಿಕೆನೂ ತಗೊಳ್ಳೋದು ಬೇಡ."

"ಕ್ಷಮೆಯನ್ನು ಕಂತಿನಲ್ಲಿ ಕೊಡ್ಲಿಕ್ಕೆ ಬರುವುದಿಲ್ಲ ರೈಟರೇ" ಎಂದರು ಅಯ್ಯನವರು. ಆದರೂ ಹಟ ಹಿಡಿಯಲಿಲ್ಲ. ಅಯ್ಯನವರು ತಿಂಗಳಿಗೊಮ್ಮೆ ಬರುವವರು. ರೈಟರು ದಿನಾ ಇರುವವರು.

ರೊಟ್ಟಿ, ದ್ರಾಕ್ಷಾರಸದ ಆ ಕರ್ತನ ಭೋಜನ ತಪ್ಪಿದ್ದನ್ನು ಪಾಪ ತಡೆದುಕೊಂಡಳು. ಆದರೆ ಮುಂದಿನ ಭಾನುವಾರ ಹಿಡಿಯಕ್ಕಿ ಕಟ್ಟಿಕೊಂಡು ಹೋದಾಗ ಬುಟ್ಟಿ ಹಿಡಿದಿದ್ದ ರೈಟರ ಹೆಂಡತಿ ಪ್ರೇಮಾವತಿ ಅದನ್ನು ಅವಳ ಮುಂದೆ ನಿಲ್ಲಿಸದೆ ಪಕ್ಕದವಳತ್ತ ಸರಿಸಿದಳು. ಪಾಪ ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಮನೆಗೆ ಬಂದು ಅದೇ ಅಕ್ಕಿಯನ್ನು ಬೇಯಿಸಿದಳು. ಉಣ್ಣದೆ ಮುಚ್ಚಿಟ್ಟಳು.

ಪ್ರೇಮಾವತಿ ಮಂಗಳೂರಿನ ಕಡೆಯಿಂದ ಮದುವೆಯಾಗಿ ಬಂದವಳು, ಓದಿದವಳು. ಅವಳ ಪ್ರಾರ್ಥನೆ ಸಭೆಯಲ್ಲಿ ಹೆಸರಾದದ್ದು. ಪಾಪನಿಗಾಗಿ ಅವಳು ಪ್ರತಿ ಭಾನುವಾರ ತಪ್ಪದೆ ಬೇಡತೊಡಗಿದಳು. "ಕರ್ತನೇ, ನಮ್ಮ ನಡುವೆಯೇ ಪಾಪ ಕೂತಿದೆ" ಎಂದು ಅವಳು ಶುರುಮಾಡುವಾಗ ಬೆಂಚುಗಳಲ್ಲಿ ನಗು ಮುಚ್ಚಲು ಸೆರಗು ಬಾಯಿಗೆ ಹೋಗುತ್ತಿತ್ತು. "ಅವಳ ಕೋಣೆಗೆ ಬೀಡಿಯ ವಾಸನೆ ಮತ್ತೆ ಬಾರದ ಹಾಗೆ ಮಾಡು. ಅವಳ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವ ಬುದ್ಧಿ ಕೊಡು." ಪಾಪ ಕಣ್ಣು ಮುಚ್ಚಿ, ತಲೆ ತಗ್ಗಿಸಿ ಕೇಳಬೇಕು. ಕೇಳಿ ಕೊನೆಗೆ ಎಲ್ಲರ ಜೊತೆ ಆಮೆನ್ ಅನ್ನಬೇಕು. ಕ್ರಿಸ್ಮಸ್ಸಿನಲ್ಲಿ ಅವಳನ್ನು ಮುಂದೆ ಕರೆದು ಪ್ರೇಮಾವತಿ ತನ್ನ ಹಳೆಯ ಸೀರೆಯನ್ನು ಕೊಟ್ಟಳು. ಕೊಡುವ ಮೊದಲು ಅದನ್ನು ಬಿಚ್ಚಿ, ಎಲ್ಲಿಯೂ ಹರಿದಿಲ್ಲವೆಂದು ಸಭೆಗೆ ತೋರಿಸಿದಳು.

ಚರ್ಚಿಗೆ ಹೋಗುವುದನ್ನೇ ಬಿಡಬಹುದಿತ್ತಲ್ಲ ಎಂದರೆ, ಬಿಟ್ಟು ಎಲ್ಲಿಗೆ ಹೋಗುವುದು? ಕಾಫಿ ಹಣ್ಣು ಬಿಡಿಸುವ ಪಿಕಿಂಗಿಗೆ ಯಾರು, ತೋಟದ ಯಾವ ಬ್ಲಾಕಿಗೆ ಎಂದು ಹೇಳುವವರು ರೈಟರು. ಪಾಪ ಮಧ್ಯಾಹ್ನದ ಮೇಲೆ ಬಟ್ಟೆ ಒಗೆಯಲು ಹೋಗುತ್ತಿದ್ದದ್ದೂ ಅವರ ಮನೆಗೇ. ಅಲ್ಲದೆ ಆ ಮನೆಯಲ್ಲಿ ಕಮಲ ಇದ್ದಳು.

ಕಮಲ ರೈಟರ ಒಬ್ಬಳೇ ಮಗಳು. ಮಂಗಳೂರಿನಲ್ಲಿ ಓದು ಮುಗಿಸಿ ಬಂದು ಲೈನಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಮಾಸ್ತರನಾಗಿದ್ದ ಒಬ್ಬ ಮಂಗಳೂರಿನ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ತಾಯಿ ಮಲಗಿದ ಹೊತ್ತಿನಲ್ಲಿ ಒಗೆಯುವ ಕಲ್ಲಿನ ಬಳಿ ಬಂದು ಕೂತು ಅವಳು ಪಾಪನಿಗೂ ಅಕ್ಷರ ಕಲಿಸುತ್ತಿದ್ದಳು. ಮೊದಲು ಬರೆಸಿದ್ದು ಕೃಪಾವತಿ ಎಂಬ ಹೆಸರನ್ನು.

"ಅಮ್ಮ ಭಾನುವಾರ ಅನ್ನೋದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ ಪಾಪಕ್ಕ" ಎಂದು ಒಂದು ದಿನ ಹೇಳಿದಳು. "ನಂಗೆ ನಾಚಿಕೆಯಾಗ್ತದೆ."

"ನಿಮಗ್ಯಾಕವ್ವ ನಾಚ್ಕೆ? ನೀವೇನ್ ಮಾಡೀರಿ" ಎಂದಳು ಪಾಪ. ಆ ದಿನ ಕಮಲನ ಲಂಗಗಳನ್ನು ಕಲ್ಲಿಗೆ ಬಡಿಯದೆ ಕೈಯಲ್ಲೇ ಹಿಂಡಿದಳು.

ಮನೆಯವರ ಗುಟ್ಟು ಬಟ್ಟೆ ಒಗೆಯುವವಳಿಗೆ ತಿಳಿಯುವಷ್ಟು ಯಾರಿಗೂ ತಿಳಿಯದು. ಮಳೆಗಾಲದ ನಡುವಿನಲ್ಲಿ, ತಿಂಗಳಿಗೊಮ್ಮೆ ಬೇರೆ ಬಕೀಟಿನಲ್ಲಿ ನೆನೆಸಿಡುತ್ತಿದ್ದ ಕಮಲನ ಬಟ್ಟೆ ಬರುವುದು ನಿಂತಿತು. ಮುಂದಿನ ತಿಂಗಳೂ ಬರಲಿಲ್ಲ. ಕಮಲನಿಗೆ ಊಟ ಸೇರುತ್ತಿರಲಿಲ್ಲ. ಮುಖ ಸೊರಗಿತು, ಹೊಟ್ಟೆ ಮಾತ್ರ ಕೊಂಚ ಉಬ್ಬಿದಂತಿತ್ತು. ಒಂದು ಮಧ್ಯಾಹ್ನ ಹಿತ್ತಿಲಿಗೆ ಓಡಿ ಬಂದು ವಾಂತಿ ಮಾಡಿಕೊಂಡಳು. ಪಾಪ ಹಣೆ ಹಿಡಿದುಕೊಂಡಳು, ಮೈ ಬೆಚ್ಚಗಿತ್ತು.

"ಅಮ್ಮನಿಗೆ ಹೇಳ್ಬೇಡ ಪಾಪಕ್ಕ" ಎಂದಳು ಕಮಲ. "ಮದುವೆ ಹೊತ್ತಿಗೆ ಎಲ್ಲ ಸರಿಹೋಗ್ತದೆ."

ಪಾಪನಿಗೆ ಇನ್ನೇನೂ ಕೇಳುವುದು ಬೇಕಿರಲಿಲ್ಲ. ಆ ಮಾಸ್ತರ ಹುಡುಗ ಈಸ್ಟರಿಗೂ ಬಂದಿದ್ದ, ಮಳೆಗಾಲದ ರಜೆಯಲ್ಲೂ ಬಂದು ಕಮಲನ ಜೊತೆ ತೋಟ ಸುತ್ತಿದ್ದ. ಅವಳು ಲೆಕ್ಕ ಕೂಡಿಸಿಕೊಂಡಳು. ಬೈಯಬೇಕೆಂದು ಅನ್ನಿಸಲಿಲ್ಲ, ಪ್ರೀತಿ ಹೆಚ್ಚಾಯಿತು. ಪ್ರೇಮಾವತಿಗೆ ಸುಳಿವು ಸಿಗಬಾರದೆಂದು ಅವಳೊಂದು ಉಪಾಯ ಮಾಡಿದಳು. ತನ್ನ ಹಳೆಯ ಸೀರೆಯ ತುಂಡುಗಳನ್ನು ತಂದು, ಒಗೆದು, ಅಲ್ಲಿಂದ ಮುಂದೆ ತಿಂಗಳು ತಿಂಗಳೂ ಆ ಮನೆಯ ಹಿತ್ತಿಲ ಹಗ್ಗದ ಮೇಲೆ ಕಮಲನ ಬಟ್ಟೆಯಿರಬೇಕಾದ ಜಾಗದಲ್ಲಿ ಒಣಹಾಕಿದಳು. ಪ್ರೇಮಾವತಿ ಹಿಂಬಾಗಿಲಲ್ಲಿ ನಿಂತು ನೋಡಿ, ನಿಶ್ಚಿಂತೆಯಿಂದ ಒಳಗೆ ಹೋಗುತ್ತಿದ್ದಳು. ಹೀಗೆ ಮಳೆಗಾಲ ಕಳೆದು ಬೆಳೆಹಬ್ಬ ಬಂತು.

ಬೆಳೆಹಬ್ಬದ ಭಾನುವಾರ ಪ್ರತಿಯೊಬ್ಬರೂ ತಾವು ಬೆಳೆದದ್ದನ್ನೋ ಸಾಕಿದ್ದನ್ನೋ ತಂದು ದೇವರ ಮುಂದಿಡುವುದು ಪದ್ಧತಿ. ಭತ್ತದ ತೆನೆ, ಬಾಳೆಗೊನೆ, ಕಿತ್ತಳೆಯ ಬುಟ್ಟಿಗಳು, ಜೇನಿನ ಬಾಟಲಿ, ಕಾಲು ಕಟ್ಟಿದ ಕೋಳಿಗಳು. ಪಾಪ ಲೈನಿನ ಹಿಂದೆ ಬೂದಿಗುಡ್ಡೆಯ ಪಕ್ಕದಲ್ಲಿ ಕುಂಬಳದ ಬೀಜ ಹಾಕಿದ್ದಳು. ಬಳ್ಳಿಯಲ್ಲಿ ಕಚ್ಚಿದ ಕಾಯಿಗಳಲ್ಲಿ ಒಂದನ್ನು ಮಾತ್ರ ಉಳಿಸಿ ಬೆಳೆಸಿದ್ದಳು. ಅದು ಇಬ್ಬರು ಹಿಡಿಯುವಷ್ಟು ದೊಡ್ಡದಾಗಿತ್ತು. ರೈಟರು ಹಾಕಿದ್ದ ಗಡುವು ಬೆಳೆಹಬ್ಬದ ತನಕ. ಇವತ್ತು ಬೇಡ ಅನ್ನುವ ಹಾಗಿಲ್ಲ ಎಂದುಕೊಂಡು ಅದನ್ನು ತೊಳೆದು, ಎಣ್ಣೆ ಸವರಿ, ತಲೆಯ ಮೇಲೆ ಹೊತ್ತು ಬಂದಳು. ಬಾಗಿಲಲ್ಲಿ ಅವಳು ಅನುಮಾನಿಸುತ್ತ ನಿಂತದ್ದನ್ನು ಕಂಡ ಕಮಲ ತಾನೇ ಎದ್ದು ಬಂದಳು. ಒಂದು ಕಡೆ ತಾನು ಹಿಡಿದಳು. ಏದುಸಿರು ಬಿಡುತ್ತ, ಪಾಪನ ಜೊತೆ ನಡೆದು ಹೋಗಿ ಕುಂಬಳಕಾಯಿಯನ್ನು ಎಲ್ಲಕ್ಕಿಂತ ಮುಂದೆ ಇಟ್ಟಳು.

ಅಯ್ಯನವರಿಗೆ ಆ ದಿನ ಬೇರೊಂದು ಸಭೆಯ ಹಬ್ಬವಿತ್ತು. ಕಾಣಿಕೆಗಳನ್ನು ಓರಣ ಮಾಡುತ್ತಿದ್ದವಳು ಪ್ರೇಮಾವತಿ.

"ಎಂತ ಇದು? ಯಾರದ್ದು?" ಎಂದಳು.

"ಪಾಪದ್ದು" ಎಂದರು ಯಾರೋ ಚಾಪೆಯ ಕಡೆಯಿಂದ. ಸಭೆಯಲ್ಲಿ ನಗೆ ಎದ್ದಿತು. ಮಕ್ಕಳೂ ನಕ್ಕರು.

"ಹಾಗಾದ್ರೆ ತೆಗೀರಿ. ದೇವರ ಎದುರು ಪಾಪದ ಫಲ ಇಡ್ಲಿಕ್ಕೆ ಆಗ್ತದಾ?"

"ಅಮ್ಮಾ, ನಾನೇ ಇಟ್ಟದ್ದು" ಎಂದಳು ಕಮಲ.

"ನೀನು ಸುಮ್ನೆ ಕೂತ್ಕೋ."

"ಗಡುವು ಮುಗೀತಲ್ಲ ಅಮ್ಮಾವ್ರೆ" ಎಂದಳು ಪಾಪ. ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ರೈಟರಪ್ಪನೋರೇ ಹೇಳಿದ್ರು, ಬೆಳೆಹಬ್ಬದ ಗಂಟ ಅಂತ."

ರೈಟರು ಕನ್ನಡಕ ತೆಗೆದು ಒರೆಸಿಕೊಂಡರು. "ಗಂಟ ಅಂದ್ರೆ ಹಬ್ಬ ಮುಗಿಯೋ ಗಂಟ" ಎಂದರು.

ಪ್ರೇಮಾವತಿ ಕಾಲಿನಿಂದ ಒತ್ತಿದ ಕುಂಬಳಕಾಯಿ ಉರುಳಿಕೊಂಡು ಹೋಗಿ ಪಕ್ಕದ ಬಾಗಿಲ ಮೆಟ್ಟಿಲಿನಲ್ಲಿ ಬಿದ್ದು ಒಡೆಯಿತು. ಅಂಗಳದಲ್ಲಿ ಮೇಯುತ್ತಿದ್ದ ಎಸ್ಟೇಟಿನ ಹಸು ಬಂದು ಅದಕ್ಕೆ ಬಾಯಿ ಹಾಕಿತು. ಹಾಡು, ಪ್ರಸಂಗ ಎಲ್ಲದರ ನಡುವೆಯೂ ಅದು ಅಗಿಯುವ ಸದ್ದು ಪಾಪನಿಗೆ ಕೇಳುತ್ತಿತ್ತು. ಆಮೇಲೆ ಪ್ರಾರ್ಥನೆ. ಪ್ರೇಮಾವತಿ ಎದ್ದಳು. ಅಹಂಕಾರವನ್ನು ತಲೆಯ ಮೇಲೆ ಹೊತ್ತು ದೇವರ ಮನೆಗೆ ಬರುವವರ ಬಗ್ಗೆ, ಹೊರಗೆ ಹೊಳಪು ಒಳಗೆ ಹುಳು ಇರುವ ಹಣ್ಣುಗಳ ಬಗ್ಗೆ, ಎಳೆಯ ಹುಡುಗಿಯರ ಮನಸ್ಸು ಕೆಡಿಸುವ ಹೆಂಗಸರ ಬಗ್ಗೆ ದೇವರಿಗೆ ವಿವರವಾಗಿ ತಿಳಿಸಿದಳು. "ನನ್ನ ಮಗಳನ್ನು ಇಂಥವರ ನೆರಳಿನಿಂದ ಕಾಪಾಡು" ಎಂದಳು. ಎಲ್ಲರೂ ಆಮೆನ್ ಎಂದರು.

ಆ ಆಮೆನ್ ಆರುವ ಮೊದಲೇ ಪಾಪ ಎದ್ದು ನಿಂತಿದ್ದಳು. ಇಷ್ಟು ವರ್ಷಗಳಲ್ಲಿ ಅವಳು ಸಭೆಯಲ್ಲಿ ಬಾಯಿಬಿಟ್ಟು ಬೇಡಿದವಳಲ್ಲ. ಕಟ್ಟಳೆ ಕಟ್ಟಳೆಯೇ. ಎತ್ತಿದ ತಲೆಗಳು ಮತ್ತೆ ತಗ್ಗಿದವು.

"ತಂದೆ" ಎಂದಳು. "ಪ್ರೇಮಾವತಿ ಅಮ್ಮಾವ್ರು ಇಷ್ಟು ದಿನ ನನ್ ಹೆಸ್ರು ಹಿಡ್ದು ಬೇಡಿದ್ರು. ನಾನು ಅವ್ರಿಗೋಸ್ಕರ ಒಂದ್ ದಿನನೂ ಬೇಡ್ಲಿಲ್ಲ. ಇವತ್ ಬೇಡ್ತೀನಿ. ಅವ್ರ ಮನೆಗೆ ಮದ್ವೆಗ್ ಮುಂಚೇನೇ ಮೊಮ್ಮಗು ಕೊಟ್ಟಿದ್ದೀಯ. ಮೂರ್ ತಿಂಗ್ಳಾಯ್ತು. ಬಟ್ಟೆ ಒಗೆಯೋಳು ನಾನು, ನಂಗೊತ್ತು. ಕಮಲವ್ವನ ಹೊಟ್ಟೇಲಿರೋ ಕೂಸನ್ನ ಚೆನ್ನಾಗಿಡು. ಅದರಪ್ಪ ಓಡೋಗ್ದಂಗೆ ನೋಡ್ಕೊ. ಅದ್ನ ಹಿಡ್ಕೊಂಡು ಅವ್ರು ಈ ಬಾಗ್ಲಲ್ಲಿ ನಿಂತಾಗ ಯಾರೂ ಅವ್ರನ್ನ ನೋಡಿ ನಗ್ದಂಗೆ ಮಾಡು. ಆಮೆನ್."

ಯಾರೂ ಆಮೆನ್ ಅನ್ನಲಿಲ್ಲ. ಎಲ್ಲರ ಕಣ್ಣೂ ತೆರೆದಿದ್ದವು. ಮುಂದಿನ ಬೆಂಚಿನಲ್ಲಿ ಕಮಲ ತಿರುಗಿ ಪಾಪನನ್ನು ನೋಡಿದಳು. ಸಿಟ್ಟಿನಿಂದಲ್ಲ, ಏನು ಹೇಳಿದ್ದು ಎಂಬುದು ಅರ್ಥವಾಗದವಳ ಹಾಗೆ ನೋಡಿದಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಗ್ಗಿದಳು. ನೋವಿಗೆ ಬಗ್ಗಿದ್ದು. ಸಭೆ ಅದನ್ನು ಒಪ್ಪಿಗೆ ಎಂದು ತಿಳಿಯಿತು.

ಲೈನಿಗೆ ಮರಳುವಾಗ ಪಾಪನ ಕಾಲು ನೆಲದ ಮೇಲಿರಲಿಲ್ಲ. ಗೆದ್ದೆನೆಂಬ ಬಿಸಿ ಮೈಯಲ್ಲಿತ್ತು. ಪ್ರೇಮಾವತಿಯ ಮುಖದಿಂದ ರಕ್ತ ಇಳಿದುಹೋದದ್ದನ್ನು ಮತ್ತೆ ಮತ್ತೆ ನೆನೆದು ಒಬ್ಬಳೇ ನಕ್ಕಳು. ಬಿಸಿ ಆರಿದ್ದು ಸಂಜೆ ಒಲೆಯ ಮುಂದೆ ಕೂತಾಗ. ಕಮಲ ನೋಡಿದ ನೋಟ ಆಗ ನೆನಪಾಯಿತು. "ಇವತ್ತಲ್ಲ ನಾಳೆ ಗೊತ್ತಾಗೋದೇ ಇತ್ತು" ಎಂದು ತನಗೆ ತಾನೇ ಹೇಳಿಕೊಂಡಳು.

ರೈಟರ ಮನೆಯ ಬಾಗಿಲು ಅಂದೇ ಮುಚ್ಚಿತು. ಪಾಪನಿಗೆ ಒಗೆಯುವ ಕೆಲಸ ಹೋಯಿತು. ದೂರದ ಬ್ಲಾಕಿಗೆ ಕಸಕೀಳಲು ಹಾಕಿದರು. ಒಳಗಿನ ಸುದ್ದಿಯೆಲ್ಲ ಅವಳಿಗೆ ಬಂದದ್ದು ಸೂಲಗಿತ್ತಿ ನಿಂಗಮ್ಮನ ಬಾಯಿಂದ. ಕಮಲ ತಾಯಿಯ ಕಾಲು ಹಿಡಿದು, ನನಗೆ ಯಾರ ಸಂಗವೂ ಇಲ್ಲ, ಹೊಟ್ಟೆಯೊಳಗೆ ಏನೋ ನೋವು, ಸಂಜೆಗೆ ಜ್ವರ ಬರುತ್ತದೆ, ಡಾಕ್ಟರಿಗೆ ತೋರಿಸಿ ಎಂದಳಂತೆ. ಡಾಕ್ಟರಿಗೆ ತೋರಿಸಿದರೆ ಊರಿಗೆಲ್ಲ ತೋರಿಸಿದ ಹಾಗೆ ಎಂದು ಪ್ರೇಮಾವತಿ ಕೋಣೆಗೆ ಬೀಗ ಹಾಕಿದಳಂತೆ. ಹೊಡೆದಳಂತೆ. ಮಂಗಳೂರಿನವರಿಗೆ ಸುದ್ದಿ ಹೇಗೋ ಮುಟ್ಟಿ ಅವರು ಸಂಬಂಧ ಮುರಿದುಕೊಂಡರು. ಆ ಮಾಸ್ತರ ಹುಡುಗ, ನನ್ನದಲ್ಲ, ಬೇರೆ ಯಾರದ್ದೋ ಇರಬೇಕು ಎಂದು ಹೇಳಿ ಕಳಿಸಿದ.

"ನೀನು ಹೊಟ್ಟೆ ಮುಟ್ಟಿ ನೋಡ್ದಾ?" ಎಂದು ಕೇಳಿದಳು ಪಾಪ.

"ನೋಡ್ದೆ ಕಣವ್ವ. ಗಟ್ಟಿಯಾಗೈತೆ. ಬಸುರಿನಂಗೆ ಅನ್ನುಸ್ಲಿಲ್ಲ."

"ಮತ್ತೆ ಅಂಗಂತ ಹೇಳ್ದಾ?"

ನಿಂಗಮ್ಮ ಎಲೆಯಡಿಕೆ ಉಗಿದಳು. "ಇಡೀ ಸಭೆ ಬಸುರಿ ಅಂದ್ಮೇಲೆ ನಾನೊಬ್ಳು ಅಲ್ಲ ಅಂದು, ನಾಳೆ ಕೂಸು ಹುಟ್ಬಿಟ್ರೆ? ನನ್ ಗತಿ? ಇರ್ಬೋದು ಅಂದೆ. ಇಳಿಸೋಕೆ ಕಷಾಯ ಕೊಡು ಅಂದ್ರು, ಕೊಟ್ಟೆ."

ಪಾಪ ಅಂದು ರೈಟರ ಮನೆಯ ಹಿತ್ತಿಲಿಗೆ ಹೋದಳು. ಕಿಟಕಿ ಮುಚ್ಚಿತ್ತು. ಒಳಗಿನಿಂದ ಒಣಕೆಮ್ಮು ಕೇಳುತ್ತಿತ್ತು. "ಕಮಲವ್ವ" ಎಂದು ಮೆಲ್ಲಗೆ ಕರೆದಳು. ಕೆಮ್ಮು ನಿಂತಿತು. ಮತ್ತೊಮ್ಮೆ ಕರೆಯುವ ಧೈರ್ಯವಾಗದೆ, ಪ್ರೇಮಾವತಿಯ ಹೆಜ್ಜೆ ಕೇಳಿಸಿತೆಂದು ಬೇಲಿ ದಾಟಿ ಓಡಿದಳು.

ಕುಂದರ್ ಅಯ್ಯನವರು ಮುಂದಿನ ಸಲ ಬಂದಾಗ ಮನೆಯೊಳಗೆ ನುಗ್ಗಿಯೇ ಕಮಲನನ್ನು ನೋಡಿದರು. ರೈಟರ ಮೇಲೆ ಅವರು ದನಿಯೆತ್ತಿದ್ದನ್ನು ಜನ ಅದೇ ಮೊದಲು ಕೇಳಿದ್ದು. ಯಾವುದೋ ತೋಟದ ಜೀಪು ಬೇಡಿ ತಂದು, ಹುಡುಗಿಯನ್ನು ಮಲಗಿಸಿಕೊಂಡು ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರು ನೋಡಿ, ಕರುಳಿಗೆ ಕ್ಷಯ ಹತ್ತಿದೆ, ನೀರು ತುಂಬಿಕೊಂಡಿದೆ, ಮುಟ್ಟು ನಿಂತದ್ದೂ ಅದರಿಂದಲೇ, ಬಸುರಿನ ಸುಳಿವೇ ಇಲ್ಲ ಎಂದರು. ಮಳೆಗಾಲದಲ್ಲೇ ಕರೆತಂದಿದ್ದರೆ ಔಷಧಿ ಹಿಡಿಯುತ್ತಿತ್ತು, ಕಷಾಯ ಕುಡಿಸಿ ಕರುಳನ್ನು ಇನ್ನಷ್ಟು ಕೆಡಿಸಿದ್ದೀರಿ ಎಂದರು. ಕಾಫಿ ಹಣ್ಣಾಗಿ ತೋಟವೆಲ್ಲ ಕೆಂಪಾಗಿದ್ದ ಕಾಲದಲ್ಲಿ ಕಮಲ ಹೆಣವಾಗಿ ಕಾರೆಕಾಡಿಗೆ ಬಂದಳು.

ಮಣ್ಣು ಮಾಡುವಾಗ ಪಾಪ ಎಲ್ಲರಿಗಿಂತ ಹಿಂದೆ, ಕಿತ್ತಳೆ ಗಿಡದ ಮರೆಯಲ್ಲಿ ನಿಂತಿದ್ದಳು. ಅಯ್ಯನವರು ಡಾಕ್ಟರ ಮಾತನ್ನು ಸಮಾಧಿಯ ಬಳಿ ಗಟ್ಟಿಯಾಗಿ ಸಾರಿ ಹೇಳಿದರು. ಆಗ ಪಾಪನ ಕೈ ಬಾಯಿಗೆ ಹೋಯಿತು. ಹಗ್ಗದ ಮೇಲೆ ತಾನು ಒಣಹಾಕಿದ್ದ ಸೀರೆಯ ತುಂಡುಗಳು ಕಣ್ಣ ಮುಂದೆ ಬಂದವು. ಅವು ಅಲ್ಲಿರದಿದ್ದರೆ ಪ್ರೇಮಾವತಿ ಮಳೆಗಾಲದಲ್ಲೇ ಕೇಳುತ್ತಿದ್ದಳು, ಬೈಯುತ್ತಿದ್ದಳು, ಕಡೆಗೆ ಡಾಕ್ಟರ ಹತ್ತಿರ ಕರೆದುಕೊಂಡೂ ಹೋಗುತ್ತಿದ್ದಳು. ಹುಡುಗಿಯನ್ನು ತನ್ನ ದ್ವೇಷಕ್ಕಿಂತ ಮುಂಚೆ ತನ್ನ ಪ್ರೀತಿಯೇ ಕೊಲ್ಲಲು ಶುರುಮಾಡಿತ್ತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು?

ಅಲ್ಲಿಂದ ಹಿಂತಿರುಗುತ್ತ ಜನ ಮಾತಾಡಿಕೊಂಡರು. "ಡಾಕ್ಟರ ಬಾಯಲ್ಲಿ ಹಂಗೆ ಹೇಳ್ಸೋದು ರೈಟರಿಗೆ ಒಂದ್ ಕೆಲ್ಸನಾ?" "ಕಷಾಯ ಯಾಕ್ ಕೊಟ್ರಂತೆ ಹಂಗಾದ್ರೆ?"

ಆಮೇಲೆ ನಡೆದದ್ದನ್ನು ಪಾಪ ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಸಂಜೆ ಮೇಸ್ತ್ರಿಯ ಹೆಂಡತಿ ಬೋಜಮ್ಮ ಸೆರಗಿನಡಿ ಕೋಳಿಮೊಟ್ಟೆ ಇಟ್ಟುಕೊಂಡು ಬಂದಳು. "ನನ್ ತಮ್ಮನ್ ವಿಚಾರ ನಿಂಗೊತ್ತಿರ್ಬೋದು. ಭಾನ್ವಾರ ಬಾಯ್ ಬಿಡ್ಬೇಡವ್ವ" ಎಂದಳು. ಪಾಪನಿಗೆ ಅವಳ ತಮ್ಮನ ವಿಚಾರ ಏನೂ ಗೊತ್ತಿರಲಿಲ್ಲ. ಮಾರನೆಯ ವಾರ ಇನ್ನೊಬ್ಬಳು ಬೆಲ್ಲ ತಂದಳು. ಮತ್ತೊಬ್ಬಳು ಒಣಮೀನು ತಂದಳು. ಅವಳ ಪ್ರಾರ್ಥನೆಗೆ ಹೆದರಿ ಲೈನಿಗೆ ಲೈನೇ ಅವಳಿಗೆ ಕಾಣಿಕೆ ತರತೊಡಗಿತು. ಬೇಡವೆಂದು ಮರಳಿಸಿದರೆ ಇನ್ನೂ ಹೆದರುತ್ತಿದ್ದರು. ಕಡಿಮೆಯಾಯಿತೇನೋ ಎಂದು ಮತ್ತಷ್ಟು ತರುತ್ತಿದ್ದರು. ಹಸಿವೂ ಇತ್ತು. ಅವಳು ತೆಗೆದುಕೊಂಡಳು, ತಿಂದಳು. ಸಭೆ ಅವಳ ಮೇಲೆ ಹಾಕಿದ್ದ ಶಿಕ್ಷೆಯನ್ನು ತೆಗೆದುಹಾಕಿತು. ಮುಂದಿನ ಕರ್ತನ ಭೋಜನಕ್ಕೆ ಅವಳನ್ನು ಎಲ್ಲರಿಗಿಂತ ಮೊದಲು ಕರೆದರು. ಹಿಡಿಯಕ್ಕಿಯ ಬುಟ್ಟಿ ಅವಳ ಮುಂದೆ ಬೇಕಾದಷ್ಟು ಹೊತ್ತು ನಿಲ್ಲುತ್ತಿತ್ತು. ಅವಳು ಅಕ್ಕಿ ಹಾಕಿದಳು. ಹಾಕಿದ ಕೈಗೆ ಹಿಂದಿನ ಸುಖ ಬರಲಿಲ್ಲ.

ಪ್ರೇಮಾವತಿ ಅವಳ ಕೋಣೆಗೆ ಬಂದದ್ದು ಈಸ್ಟರಿನ ಹಿಂದಿನ ವಾರ. ಲೈನಿಗೆ ಕಾಲಿಡದವಳು ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದು ಮಣ್ಣುನೆಲದ ಮೇಲೆಯೇ ಕೂತಳು. ಕೂದಲು ಬಾಚಿರಲಿಲ್ಲ. ಪಾಪ ಗೋಡೆಗೆ ಒತ್ತಿ ನಿಂತಳು.

"ನಾನು ಬೈಯಲಿಕ್ಕೆ ಬಂದದ್ದಲ್ಲ" ಎಂದಳು ಪ್ರೇಮಾವತಿ. "ನೀನು ಹೇಳಿದ್ದನ್ನು ನಾನು ನಂಬಿದೆ. ನನ್ನ ಮಗಳು ಹೇಳಿದ್ದನ್ನು ನಂಬ್ಲಿಲ್ಲ. ಅದಕ್ಕೆ ನಿನ್ನನ್ನು ಬೈದು ಎಂತ ಪ್ರಯೋಜನ?"

ಪಾಪ ಗೋಡೆ ಬಿಟ್ಟು ಬಂದು ಎದುರಿಗೆ ಕೂತಳು.

"ಇವರಿಗೆ ಬೇರೆ ಎಸ್ಟೇಟಿಗೆ ವರ್ಗ ಆಗಿದೆ. ನಾವು ಹೋಗ್ತೇವೆ. ಅವಳು ಇಲ್ಲೇ ಇರ್ತಾಳೆ. ಇವತ್ತೂ ಅವಳ ಸಮಾಧಿ ಹತ್ರ ಹೆಂಗಸರು ಎಂತ ಮಾತಾಡ್ತಾರೆ ಗೊತ್ತುಂಟಾ? ಅಯ್ಯನವರು ಹೇಳಿದ್ರೂ ಕೇಳ್ಲಿಲ್ಲ. ನಾನು ಹೇಳಿದ್ರೆ ನಗ್ತಾರೆ. ನಿನ್ನ ಬಾಯಿಗೆ ಹೆದರ್ತಾರೆ. ಭಾನುವಾರ ಎದ್ದು ನಿಂತು ಹೇಳು. ಪ್ರಾರ್ಥನೇಲೇ ಹೇಳು. ನನ್ನ ಮಗು ಶುದ್ಧ ಇದ್ದಳು ಅಂತ ಹೇಳು."

"ಹೇಳ್ತೀನಿ ಅಮ್ಮಾವ್ರೆ" ಎಂದಳು ಪಾಪ. "ಹಗ್ಗದ್ ಮೇಲೆ ನಾನು..." ಎಂದು ಶುರುಮಾಡಿದಳು. ಪ್ರೇಮಾವತಿ ಕೈ ಎತ್ತಿ ತಡೆದಳು.

"ಬೇರೆಂತದೂ ಬೇಡ. ನನಗೆ ಇನ್ನು ಎಂತದೂ ಗೊತ್ತಾಗೋದು ಬೇಡ."

ಈಸ್ಟರಿನ ದಿನ ಚರ್ಚು ತುಂಬಿತ್ತು. ಕಾಣಿಕೆಯಾಗಿ, ಪುಸ್ತಕದ ಪ್ರಾರ್ಥನೆಯೂ ಮುಗಿದ ಮೇಲೆ ಪಾಪ ಎದ್ದಳು. ಅವಳೆದ್ದ ಕೂಡಲೇ ಎಷ್ಟೋ ಮಂದಿ ಉಸಿರು ಹಿಡಿದರು. ಯಾರ ಹೆಸರು ಬರುತ್ತದೋ ಎಂದು ಗಂಡಸರೂ ಮುದುಡಿ ಕೂತರು.

"ತಂದೆ, ನಾನು ಸುಳ್ಳು ಹೇಳ್ದೆ. ಗೊತ್ತಿಲ್ದೇನೇ ಹೇಳ್ದೆ, ಹೊಟ್ಟೆಕಿಚ್ಚಿಗೆ ಹೇಳ್ದೆ. ಕಮಲವ್ವನ ಹೊಟ್ಟೇಲಿದ್ದಿದ್ದು ಕಾಯ್ಲೆ. ಅವ್ರು ನಂಗೆ ಅಕ್ಷರ ಕಲ್ಸಿದ್ರು. ನನ್ ಕಾಣ್ಕೆ ಹೊತ್ಕೊಂಡ್ ಬಂದ್ ಇಟ್ರು. ನಾನವ್ರನ್ನ ಕೊಂದೆ. ಅವ್ರ ಮೇಲಿರೋ ಮಾತನ್ನ ತೆಗ್ದಾಕು. ಅದ್ನ ನನ್ ಮೇಲಾಕು. ಆಮೆನ್."

ಹಿಡಿದಿದ್ದ ಉಸಿರು ಸಭೆಯ ತುಂಬ ಒಮ್ಮೆಲೇ ಬಿಟ್ಟದ್ದು ಕೇಳಿಸಿತು. ತಮ್ಮ ಹೆಸರು ಬರಲಿಲ್ಲವೆಂಬ ನಿರಾಳ. "ಆಮೆನ್" ಎಂದವಳು ಪ್ರೇಮಾವತಿ ಒಬ್ಬಳೇ. ಚರ್ಚಿನ ಮೆಟ್ಟಿಲಿಳಿಯುವಾಗ ಬೋಜಮ್ಮ ಪಕ್ಕದವಳ ಕಿವಿಯಲ್ಲಿ ಹೇಳುತ್ತಿದ್ದಳು, "ರೈಟರಮ್ಮ ಮೊನ್ನೆ ಲೈನಿಗ್ ಬಂದಿದ್ರಲ್ಲ, ಸರಿಯಾಗೇ ಕೊಟ್ಟಿರ್ಬೇಕು." ಪಾಪನ ಕಿವಿಗೆ ಬೀಳಲೆಂದೇ ಹೇಳಿದ್ದೋ, ಅಲ್ಲವೋ. ಬಿತ್ತು.

ರೈಟರ ಮನೆಯವರು ಮಳೆಗೆ ಮೊದಲೇ ಎಸ್ಟೇಟು ಬಿಟ್ಟರು. ಕಾಣಿಕೆಗಳು ಮೆಲ್ಲಗೆ ನಿಂತವು. ದುಡ್ಡು ಕೊಟ್ಟರೆ ಪ್ರಾರ್ಥನೆಯಲ್ಲಿ ಸುಳ್ಳನ್ನೂ ಹೇಳುವ ಬಾಯಿಗೆ ಯಾರು ಹೆದರುತ್ತಾರೆ? ಪಾಪ ಚರ್ಚಿಗೆ ಹೋಗುವುದನ್ನು ಬಿಡಲಿಲ್ಲ. ಬಾಯಿಬಿಟ್ಟು ಪ್ರಾರ್ಥನೆ ಮಾತ್ರ ಮತ್ತೆಂದೂ ಮಾಡಲಿಲ್ಲ. ಕಮಲನ ಸಮಾಧಿಯ ಹುಲ್ಲು ಕೀಳುತ್ತಿದ್ದಳು. ಅದನ್ನೂ ರೈಟರಮ್ಮನಿಂದ ತಿಂದ ದುಡ್ಡಿನ ಋಣ ಎಂದೇ ಜನ ಅರ್ಥ ಮಾಡಿಕೊಂಡರು.

ಕೊಡಗು ಮೈಸೂರಿಗೆ ಸೇರಿಹೋಗುತ್ತದೆ ಎಂಬ ಮಾತು ಎಲ್ಲೆಡೆ ನಡೆಯುತ್ತಿದ್ದ ವರ್ಷ ಪಿಕಿಂಗಿಗೆ ಪಿರಿಯಾಪಟ್ಟಣದ ಕಡೆಯಿಂದ ಹೊಸ ಆಳುಗಳು ಬಂದರು. ಅವರಲ್ಲಿ ಒಬ್ಬಳು ಎಳೆಯ ಹೆಂಗಸು, ಆಗಲೇ ತಲೆ ನೆರೆತಿದ್ದ ಪಾಪನ ಪಕ್ಕದ ಸಾಲಿನಲ್ಲಿ ಹಣ್ಣು ಬಿಡಿಸುತ್ತಿದ್ದವಳು, ಬಾಯಿ ಸುಮ್ಮನಿರಲಾರದೆ ಕೇಳಿದಳು.

"ಅಜ್ಜಿ, ಆ ಚರ್ಚಿನ ಹಿಂದ್ಗಡೆ ಬಸುರು ಇಳ್ಸೋಕೋಗಿ ಸತ್ತೋದ ರೈಟರ ಮಗಳ ಗೋರಿ ಐತಂತಲ್ಲ. ಅತ್ಲಾಗೆ ಹೋಗ್ಬಾರ್ದು ಅಂತಾರೆ, ನಿಜ್ವಾ?"

"ಬಸುರಲ್ಲ" ಎಂದಳು ಪಾಪ. "ಕ್ಷಯ."

"ಇಲ್ಲ ಅಜ್ಜಿ, ಎಲ್ರೂ ಹಂಗೇ ಹೇಳೋದು. ಯಾರೋ ಒಬ್ಳು ಬಟ್ಟೆ ಒಗೆಯೋಳು ಕಣ್ಣಾರೆ ಕಂಡು ದೇವ್ರ ಮುಂದೇನೇ ಹೇಳಿದ್ಲಂತೆ. ದೇವ್ರ ಮುಂದೆ ಯಾರಾದ್ರೂ ಸುಳ್ಳೇಳ್ತಾರಾ?"

"ಅವಳು ನಾನೇ ಕಣಮ್ಮ."

ಆ ಹೆಂಗಸು ಹಣ್ಣು ಬಿಡಿಸುವುದನ್ನು ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕಣ್ಣರಳಿಸಿ, ಬುಟ್ಟಿಯನ್ನು ಎಳೆದುಕೊಂಡು ಹತ್ತಿರ ಬಂದಳು.

"ನೀವೇನಾ? ಹಂಗಾದ್ರೆ ಹೇಳಿ ಅಜ್ಜಿ, ಎಷ್ಟು ತಿಂಗ್ಳಾಗಿತ್ತು?"